ಹಳೇ ಜಿಪ್ಸಿ ಬಿಸಿ ಆಗ್ತಿದೆಯಾ? ಮೊದಲು ‘ಯಾವಾಗ’ ಅಂತ ಕೇಳಿ

ಇವತ್ತಿನ ಮಾತು ಹಳೇ ಮಾರುತಿ ಜಿಪ್ಸಿ ಬಗ್ಗೆ. ಪುಣೆಯಲ್ಲಿ ನಮ್ಮ ಕನ್ನಡದ ಗೆಳೆಯರಲ್ಲೇ ಮೂರು ಜನರ ಹತ್ತಿರ ಈ ಗಾಡಿ ಇದೆ. ವಾರವಿಡೀ ಲ್ಯಾಪ್‌ಟಾಪ್ ಮುಂದೆ ಕೂತು, ಶನಿವಾರ ಬಂತು ಅಂದ್ರೆ ತಾಮ್ಹಿಣಿ ಘಾಟ್ ಕಡೆ ಹೊರಡೋ ಜನ. ದೀಪಾವಳಿಗೆ ಊರಿಗೆ ಹೊರಟರೂ ಇದರಲ್ಲೇ. ಖಂಬಾಟಕಿ ಘಾಟ್ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲಕ್ಕೆ ಏಳುತ್ತೆ, ಹಿಂದಿನ ಸೀಟಿನಲ್ಲಿ ಮಕ್ಕಳು. ಆಮೇಲೆ ಎಲ್ಲರೂ ಕೇಳೋದು ಒಂದೇ: “ಹೀಟ್ ಆಗ್ತಿದೆ ಕಣೋ, ಏನು ಬದಲಾಯಿಸಬೇಕು?”

ಈ ಪ್ರಶ್ನೆಗೆ ಗ್ಯಾರೇಜಿನಲ್ಲಿ ಉತ್ತರ ಬೇಗ ಸಿಗುತ್ತೆ. ಈ ವಾರ ಥರ್ಮೋಸ್ಟಾಟ್, ಮುಂದಿನ ವಾರ ವಾಟರ್ ಪಂಪ್, ಅದರ ಮುಂದಿನ ತಿಂಗಳು ರೇಡಿಯೇಟರ್. ಲಾಗ್ ನೋಡದೆ ಕೋಡ್ ತಿದ್ದಿ ಪ್ರೊಡಕ್ಷನ್‌ಗೆ ಕಳಿಸೋರನ್ನ ಆಫೀಸಿನಲ್ಲಿ ನಾವು ಸುಮ್ಮನೆ ಬಿಡಲ್ಲ. ಗಾಡಿ ವಿಷಯದಲ್ಲಿ ಮಾತ್ರ ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋಕೆ ಒಪ್ಪಿಕೊಳ್ತೀವಿ. ಏನು ಬದಲಾಯಿಸಬೇಕು ಅನ್ನೋದಕ್ಕಿಂತ ಮೊದಲು, ಯಾವಾಗ ಬಿಸಿ ಆಗುತ್ತೆ ಅಂತ ಕೇಳಬೇಕು. ಟ್ರಾಫಿಕ್‌ನಲ್ಲಿ ನಿಂತಾಗಲಾ? ಹೈವೇಯಲ್ಲಿ ಓಡುವಾಗಲಾ? ಬೆಳಿಗ್ಗೆ ಸ್ಟಾರ್ಟ್ ಮಾಡಿದ ಹತ್ತು ನಿಮಿಷಕ್ಕೇನಾ? ಅರ್ಧ ರೋಗ ಇಲ್ಲೇ ಸಿಕ್ಕಿಬಿಡುತ್ತೆ.

1985ರಲ್ಲಿ 970 ಸಿಸಿ ಎಂಜಿನ್ ಜೊತೆ ಬಂದ ಜಿಪ್ಸಿಗೆ 1996ರಲ್ಲಿ 1.3 ಲೀಟರ್ ಎಂಜಿನ್ ಬಂತು. ಈಗ ಸೆಕೆಂಡ್ ಹ್ಯಾಂಡ್ ಸಿಗೋದು ಹೆಚ್ಚಾಗಿ ಇದೇ. ಇದರ ಬ್ಲಾಕ್, ಹೆಡ್ ಎರಡೂ ಅಲ್ಯೂಮಿನಿಯಂ. ಹಗುರ, ಶಾಖವನ್ನ ಬೇಗ ಸಾಗಿಸುತ್ತೆ, ಅಲ್ಲಿಗೆ ಒಳ್ಳೇದೇ. ಆದರೆ ಎರಕದ ಕಬ್ಬಿಣಕ್ಕೆ ಹೋಲಿಸಿದರೆ ಅಲ್ಯೂಮಿನಿಯಂ ಬಿಸಿಗೆ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತೆ. ಒಂದು ಸಲ ಸರಿಯಾಗಿ ಕುದಿಸಿದರೆ ಹೆಡ್ ಸೊಟ್ಟಗಾಗಬಹುದು. “ಇನ್ನು ಐದೇ ಕಿಲೋಮೀಟರ್, ಧಾಬಾವರೆಗೂ ಹೋಗಿಬಿಡೋಣ” ಅನ್ನೋದು ಈ ಎಂಜಿನ್ ಹತ್ತಿರ ನಡೆಯಲ್ಲ.

ಮೊದಲನೇ ಸಂದರ್ಭ: ಟ್ರಾಫಿಕ್‌ನಲ್ಲಿ ಬಿಸಿ, 60ರಲ್ಲಿ ಓಡಿದ ತಕ್ಷಣ ಮುಳ್ಳು ಇಳಿಯುತ್ತೆ. ಅಂದ್ರೆ ನೀರು ಹರೀತಿದೆ, ಗಾಳಿ ಸಾಲ್ತಿಲ್ಲ. ಓಡುವಾಗ ಗಾಳಿ ತಾನೇ ನುಗ್ಗುತ್ತೆ, ನಿಂತಾಗ ಫ್ಯಾನ್ ಎಳೀಬೇಕು. ಬೆಲ್ಟ್ ಸಡಿಲ ಇದೆಯಾ ನೋಡಿ. ಫ್ಯಾನ್ ಸುತ್ತ ಇರೋ ಪ್ಲಾಸ್ಟಿಕ್ ಶ್ರೌಡ್ ಇದೆಯಾ ನೋಡಿ. ಹಳೇ ಗಾಡಿಗಳಲ್ಲಿ ಯಾರೋ ಯಾವತ್ತೋ ಬಿಚ್ಚಿ ಮತ್ತೆ ಹಾಕಿರಲ್ಲ. ಅದಿಲ್ಲದಿದ್ರೆ ಫ್ಯಾನ್ ರೇಡಿಯೇಟರ್ ಮೂಲಕ ಎಳೆಯೋ ಬದಲು ಅಕ್ಕಪಕ್ಕದ ಬಿಸಿ ಗಾಳಿಯನ್ನೇ ಸುತ್ತಿಸುತ್ತೆ. ಫ್ಯಾನ್ ಮಧ್ಯೆ ವಿಸ್ಕಸ್ ಕಪ್ಲಿಂಗ್ ಇದ್ದರೆ, ಎಂಜಿನ್ ಬಿಸಿ ಇರುವಾಗಲೇ ಆಫ್ ಮಾಡಿ, ಕೀ ಕೈಯಲ್ಲಿ ಇಟ್ಟುಕೊಂಡು ಫ್ಯಾನನ್ನ ಕೈಯಿಂದ ತಿರುಗಿಸಿ. ಬಿಗಿಯಾಗಿ ಬರಬೇಕು. ಗಿರಗಿಟ್ಲೆ ಹಾಗೆ ನಾಲ್ಕೈದು ಸುತ್ತು ಹೊಡೆದರೆ ಒಳಗಿನ ಸಿಲಿಕೋನ್ ಎಣ್ಣೆ ಹೋಗಿದೆ ಅಂತ ಲೆಕ್ಕ.

ಆಫ್‌ರೋಡ್ ಹೋಗೋರು ಇದನ್ನ ಇನ್ನೂ ಗಮನಿಸಬೇಕು. ಫೋರ್ ಲೋ ಹಾಕಿ ಗುಡ್ಡ ಹತ್ತುವಾಗ ಎಂಜಿನ್ ಮೂರು ಸಾವಿರ ಆರ್‌ಪಿಎಂ, ಗಾಡಿ ಮಾತ್ರ ಮನುಷ್ಯ ನಡೆಯೋ ವೇಗ. ಎದುರು ಗಾಳಿ ಇಲ್ಲವೇ ಇಲ್ಲ, ಪೂರ್ತಿ ಭಾರ ಫ್ಯಾನ್ ಮೇಲೆ. ಇದರ ಜೊತೆಗೆ ಗ್ರಿಲ್ ಮುಂದೆ ಸಾಲಾಗಿ ನಾಲ್ಕು ದೊಡ್ಡ ಲೈಟು, ವಿಂಚ್, ಹೊರಗೆ ಹಾಕಿಸಿದ ಎಸಿಯ ಕಂಡೆನ್ಸರ್. ಫೋಟೋಗೆ ಚೆನ್ನಾಗಿರುತ್ತೆ ಬಿಡಿ, ರೇಡಿಯೇಟರ್‌ಗೆ ಉಸಿರು ಕಟ್ಟುತ್ತೆ. ಮಳೆಗಾಲದ ಕೆಸರು ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ಮಧ್ಯೆ ಸೇರಿ ಒಣಗಿ ಗೋಡೆ ಆಗಿರುತ್ತೆ, ಮುಂದಿನಿಂದ ನೋಡಿದರೆ ಕಾಣಲ್ಲ. ಎಂಜಿನ್ ಕಡೆಯಿಂದ ಹೊರಕ್ಕೆ, ಮೆತ್ತಗೆ ನೀರು ಬಿಟ್ಟು ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಗನ್ ಹತ್ತಿರದಿಂದ ಹಿಡಿದರೆ ಫಿನ್‌ಗಳು ಮಡಚಿಕೊಂಡು ಇದ್ದ ದಾರಿಯೂ ಮುಚ್ಚುತ್ತೆ.

ಎರಡನೇದು ಇದರ ಉಲ್ಟಾ. ಸಿಟಿಯಲ್ಲಿ ಆರಾಮ, ಹೈವೇಯಲ್ಲಿ ಅಥವಾ ಉದ್ದದ ಏರಿನಲ್ಲಿ ಬಿಸಿ. ಇಲ್ಲಿ ಗಾಳಿ ಧಾರಾಳ, ನೀರಿನ ಹರಿವು ಕಮ್ಮಿ. ಮೊದಲ ಅನುಮಾನ ಒಳಗೆ ಕಟ್ಟಿಕೊಂಡ ರೇಡಿಯೇಟರ್ ಮೇಲೆ. ಹೈದರಾಬಾದ್, ಚೆನ್ನೈನಲ್ಲಿ ಬೋರ್‌ವೆಲ್ ನೀರು ಕಾಯಿಸೋ ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ನೋಡಿದ್ದೀರಲ್ಲ? ಹಿಂದಿನ ಮಾಲೀಕ ಹತ್ತು ವರ್ಷ ಅದೇ ನೀರು ಸುರಿದಿದ್ದರೆ ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲೂ ಅದೇ ಕೂತಿರುತ್ತೆ. ಎಂಜಿನ್ ಬಿಸಿಯಾದ ಮೇಲೆ ಆಫ್ ಮಾಡಿ, ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ರೇಡಿಯೇಟರ್ ಮೈಮೇಲೆ ಅಲ್ಲಲ್ಲಿ ಅಳೆಯಿರಿ. ಬಿಸಿ ನೀರು ಒಳಬರೋ ಕಡೆಯಿಂದ ಹೊರಹೋಗೋ ಕಡೆಗೆ ಸಮನಾಗಿ ಇಳಿಯಬೇಕು. ಮಧ್ಯೆ ಎಲ್ಲೋ ತಣ್ಣಗಿನ ತೇಪೆ ಸಿಕ್ಕರೆ ಅಲ್ಲಿ ನೀರು ಹರೀತಿಲ್ಲ. ಇನ್ನೊಂದು, ಕೆಳಗಿನ ಹೋಸ್. ಅದು ಪಂಪ್ ಎಳೆಯೋ ಕಡೆ ಇರೋದು. ರಬ್ಬರ್ ಮೆತ್ತಗಾಗಿದ್ರೆ ಆರ್‌ಪಿಎಂ ಏರಿದಾಗ ಸ್ಟ್ರಾ ಚಪ್ಪಟೆ ಆದ ಹಾಗೆ ಆಗುತ್ತೆ, ಗಾಡಿ ನಿಲ್ಲಿಸಿ ಬಾನೆಟ್ ತೆಗೆದಾಗ ಏನೂ ಗೊತ್ತಾಗಲ್ಲ. ಒಬ್ಬರು ಆಕ್ಸಿಲರೇಟರ್ ಒತ್ತಲಿ, ಇನ್ನೊಬ್ಬರು ದೂರದಿಂದ ನೋಡಲಿ. ಪಂಪ್‌ನ ಒಳಗಿನ ರೆಕ್ಕೆ ತುಕ್ಕು ತಿಂದಿರೋದು, ಬ್ರೇಕ್ ಕಚ್ಚಿಕೊಂಡಿರೋದು, ಇಗ್ನಿಷನ್ ಟೈಮಿಂಗ್ ಹಿಂದೆ ಬಿದ್ದಿರೋದು ಆಮೇಲಿನ ಅನುಮಾನಗಳು.

ಮೂರನೇದು: ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ಮುಳ್ಳು ಮೇಲೆ, ಮೇಲಿನ ಹೋಸ್ ಸುಡುತ್ತೆ, ಕೆಳಗಿನದು ತಣ್ಣಗೆ. ಥರ್ಮೋಸ್ಟಾಟ್ ಮುಚ್ಚಿಕೊಂಡೇ ಇದೆ, ಇಲ್ಲಾ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಥರ್ಮೋಸ್ಟಾಟ್ ಪರೀಕ್ಷೆ ಅಡುಗೆಮನೆಯಲ್ಲೇ ಆಗುತ್ತೆ. ದಾರದಲ್ಲಿ ಕಟ್ಟಿ ನೀರಿನ ಪಾತ್ರೆಯಲ್ಲಿ ಇಳಿಬಿಡಿ, ಪಕ್ಕದಲ್ಲಿ ಥರ್ಮಾಮೀಟರ್. ಅದರ ಮೇಲೆ ಒತ್ತಿರೋ ಸಂಖ್ಯೆ, 82 ಇರಬಹುದು 88 ಇರಬಹುದು, ಆ ಡಿಗ್ರಿ ಹತ್ತಿರ ಬಾಯಿ ಬಿಡೋಕೆ ಶುರುವಾಗಬೇಕು. ಪಾತ್ರೆ ಹಳೇದಾಗಿರಲಿ, ಮನೆಯವರ ಕೈಲಿ ಬೈಸಿಕೊಳ್ಳಬೇಡಿ.

“ಸಾರ್, ನಮ್ಮ ದೇಶದ ಬಿಸಿಲಿಗೆ ಥರ್ಮೋಸ್ಟಾಟೇ ಬೇಡ, ಕಿತ್ತು ಬಿಸಾಕಿ” ಅನ್ನೋ ಸಲಹೆ ಎಲ್ಲ ಊರಲ್ಲೂ ಸಿಗುತ್ತೆ. ನಾನು ಒಪ್ಪಲ್ಲ. ಕಿತ್ತರೆ ಎಂಜಿನ್ ಸರಿಯಾದ ಶಾಖಕ್ಕೆ ಬರೋದೇ ತಡ. ಎಂಪಿಎಫ್‌ಐ ಗಾಡಿಯ ಕಂಪ್ಯೂಟರ್ “ಇನ್ನೂ ತಣ್ಣಗಿದೆ” ಅಂದುಕೊಂಡು ಪೆಟ್ರೋಲ್ ಜಾಸ್ತಿ ಸುರಿಯುತ್ತೆ, ಸವೆತವೂ ಹೆಚ್ಚು. ಅದಕ್ಕಿಂತ ಮುಖ್ಯವಾಗಿ ಕಟ್ಟಿಕೊಂಡ ರೇಡಿಯೇಟರ್ ಹಾಗೇ ಇರುತ್ತೆ, ಸುದ್ದಿ ಮಾತ್ರ ತಡವಾಗಿ ಬರುತ್ತೆ.

ಎಲ್ಲಕ್ಕಿಂತ ಅಗ್ಗದ, ಎಲ್ಲರೂ ಮರೆಯೋ ಭಾಗ ರೇಡಿಯೇಟರ್ ಕ್ಯಾಪ್. ಅದು ಮುಚ್ಚಳ ಮಾತ್ರ ಅಲ್ಲ, ಕುಕ್ಕರ್ ವೆಯ್ಟ್ ಇದ್ದ ಹಾಗೆ. 0.9 ಅಂತ ಬರೆದಿರೋ ಕ್ಯಾಪ್ ಒಳಗೆ ಅಷ್ಟು ಒತ್ತಡ ಹಿಡಿದರೆ ಬರೀ ನೀರು ಕೂಡ ಸುಮಾರು 118 ಡಿಗ್ರಿವರೆಗೆ ಕುದಿಯಲ್ಲ. ಸ್ಪ್ರಿಂಗ್ ಸತ್ತಿದ್ರೆ 100ಕ್ಕೇ ಕುದಿಯುತ್ತೆ. ದೆಹಲಿಯ ಗೆಳೆಯರು ಮನಾಲಿ ಕಡೆಯಿಂದ ರೋಹ್ತಾಂಗ್ ಹತ್ತಿದರೆ, ಸುಮಾರು 13,000 ಅಡಿ ಎತ್ತರದಲ್ಲಿ, 87 ಡಿಗ್ರಿ ಹತ್ತಿರವೇ ಕುದಿಯುತ್ತೆ. ಎಂಜಿನ್ ಮಾಮೂಲಿಯಾಗಿ ಕೆಲಸ ಮಾಡೋ ಶಾಖವೇ ಅದು! ಎಂಜಿನ್‌ನಲ್ಲಿ ದೋಷವೇ ಇಲ್ಲದೆ ಗಾಡಿ ಉಕ್ಕುತ್ತೆ.

ಮುಳ್ಳನ್ನೂ ಪೂರ್ತಿ ನಂಬಬೇಡಿ. ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಹೇಳುತ್ತೆ. ನೀರೆಲ್ಲ ಸೋರಿಹೋದರೆ ಮುಳ್ಳು ಇದ್ದಕ್ಕಿದ್ದ ಹಾಗೆ ಕೆಳಗೆ ಬೀಳಬಹುದು. ಏರಿನಲ್ಲಿ ಕೆಂಪಿನ ಹತ್ತಿರ ಇದ್ದದ್ದು ದಿಢೀರ್ ಅಂತ ಇಳಿದು, ಸಿಹಿ ವಾಸನೆ ಬಂತು ಅಂದ್ರೆ ಆ ಕ್ಷಣ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ. ನೀರು ಸೋರದೆ ಮುಳ್ಳು ನಿಧಾನವಾಗಿ ಏರ್ತಿದ್ರೆ ಮಾತ್ರ ಎಸಿ ಆಫ್, ಹೀಟರ್ ಇದ್ರೆ ಫುಲ್. ಹೀಟರ್ ಅಂದ್ರೆ ಇನ್ನೊಂದು ಪುಟ್ಟ ರೇಡಿಯೇಟರ್ ತಾನೆ. ಕ್ಯಾಪ್ ಮುಟ್ಟೋದು ಮುಕ್ಕಾಲು ಗಂಟೆ ಆದಮೇಲೆ, ದಪ್ಪ ಬಟ್ಟೆ ಇಟ್ಟು. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು.

ಕೊನೆಯ ಸಾಧ್ಯತೆ ಹೆಡ್ ಗ್ಯಾಸ್ಕೆಟ್. ಎಲ್ಲೂ ಸೋರಿಕೆ ಕಾಣಲ್ಲ, ಆದ್ರೂ ಕೂಲಂಟ್ ಕಮ್ಮಿ ಆಗ್ತಾನೇ ಇರುತ್ತೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನ ಹಾಗೆ ಗಟ್ಟಿ. ಆಯಿಲ್ ಡಿಪ್‌ಸ್ಟಿಕ್ ಮೇಲೆ ಹಾಲು ಹಾಕಿದ ಕಾಫಿ ಬಣ್ಣ. ಖಚಿತ ಮಾಡಿಕೊಳ್ಳೋಕೆ ನೀಲಿ ದ್ರಾವಣದ ಟೆಸ್ಟ್ ಕಿಟ್ ಸಿಗುತ್ತೆ: ರೇಡಿಯೇಟರ್ ಬಾಯಲ್ಲಿ ಇಟ್ಟಾಗ, ಸಿಲಿಂಡರಿನ ಹೊಗೆ ನೀರಿಗೆ ಸೇರ್ತಿದ್ರೆ ಪೆಟ್ರೋಲ್ ಗಾಡಿಯಲ್ಲಿ ನೀಲಿ ಹಳದಿ ಆಗುತ್ತೆ. ಆದರೆ ಹೆಡ್ ಬಿಚ್ಚಿಸಿ, ಸಮ ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿಸಿದ ಮೇಲೂ ಕೆಲಸ ಮುಗಿಯಲ್ಲ. ಗ್ಯಾಸ್ಕೆಟ್ ಸುಮ್ಮನೆ ಹೋಗಿರಲ್ಲ, ಯಾವತ್ತೋ ಯಾವುದೋ ಕಾರಣಕ್ಕೆ ಎಂಜಿನ್ ಕುದ್ದು ಹೋಗಿರುತ್ತೆ. ಮೆಕ್ಯಾನಿಕ್ ಬಿಲ್ ಕೊಡುವಾಗ ಆ ಕಾರಣ ಯಾವುದು ಅಂತ ಕೇಳಿ. ರೇಡಿಯೇಟರ್ ಬಿಚ್ಚಿ ನೋಡಿಲ್ಲ ಅಂದ್ರೆ ಗಾಡಿ ಅಲ್ಲೇ ಬಿಟ್ಟು ಬನ್ನಿ, ಅದನ್ನೂ ನೋಡಿಸಿ ತಗೊಂಡು ಹೋಗಿ.