ಕೈಗೆ ಹಗುರ, ಮೊಣಕೈಗೆ ಕ್ಷೇಮ: ಶಟ್ಲ್ ರ‍್ಯಾಕೆಟ್ ಆರಿಸುವ ಮುನ್ನ

ಇತ್ತೀಚಿನ ವರ್ಷಗಳಲ್ಲಿ ನಮ್ಮ ಮೊಹಲ್ಲಾಗಳಲ್ಲಿ ಒಂದು ಒಳ್ಳೆಯ ಬದಲಾವಣೆ ಕಾಣುತ್ತಿದೆ. ಇಶಾ ನಮಾಝಿನ ಬಳಿಕ ಅಂಗಡಿ ಜಗಲಿಯಲ್ಲಿ ಕೂತು ಹರಟುತ್ತಿದ್ದವರಲ್ಲಿ ಹಲವರು ಈಗ ನೆಟ್ ಕಟ್ಟಿ, ಲೈಟ್ ಹಾಕಿ ಶಟ್ಲ್ ಆಡುತ್ತಿದ್ದಾರೆ. ಪೇಟೆಗಳಲ್ಲಿ ಒಳಾಂಗಣ ಕೋರ್ಟನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುವವರಿದ್ದಾರೆ. ಮನೆಯಂಗಳದಲ್ಲಿ, ತಾರಸಿಯಲ್ಲಿ ತಾಯಿ-ಮಗಳು ಜೊತೆಯಾಗಿ ಆಡುವುದೂ ಉಂಟು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೊಜ್ಜು ಮನೆಮನೆಯ ಮಾತಾಗಿರುವ ಈ ಕಾಲದಲ್ಲಿ ಇದು ಸಂತೋಷದ ಸಂಗತಿ.

ಆದರೆ ದವಾಖಾನೆಯಲ್ಲಿ ಕೂತಿರುವ ನಮಗೆ ಇನ್ನೊಂದು ಮುಖವೂ ಕಾಣಿಸುತ್ತದೆ. ಆಟ ಶುರು ಮಾಡಿ ಎರಡು-ಮೂರು ತಿಂಗಳಾಗುವಷ್ಟರಲ್ಲಿ ಮೊಣಕೈ ಹಿಡಿದುಕೊಂಡು ಬರುವವರಿದ್ದಾರೆ. ಇವರಲ್ಲಿ ಹೆಚ್ಚಿನವರು ನಲವತ್ತರ ಆಸುಪಾಸಿನವರು. ನೋವಿನಿಂದ ಆಟ ನಿಲ್ಲುತ್ತದೆ, ನಿಂತ ಆಟ ಮತ್ತೆ ಶುರುವಾಗುವುದಿಲ್ಲ. ಕಷ್ಟಪಟ್ಟು ಇಳಿಸಿದ ತೂಕ, ಹತೋಟಿಗೆ ಬಂದಿದ್ದ ಸಕ್ಕರೆ ಎರಡೂ ಮೊದಲಿನ ಜಾಗಕ್ಕೆ ಮರಳುತ್ತವೆ. ಹೇಗೆ ಆಡುತ್ತೀರಿ, ಯಾವುದರಲ್ಲಿ ಆಡುತ್ತೀರಿ ಎಂದು ಕೇಳುತ್ತ ಹೋದರೆ ಹಲವು ಬಾರಿ ಮಾತು ಬಂದು ನಿಲ್ಲುವುದು ಕೈಯಲ್ಲಿರುವ ರ‍್ಯಾಕೆಟ್‌ನ ಬಳಿ. ಆದ್ದರಿಂದ ರ‍್ಯಾಕೆಟ್ ಆಯ್ಕೆಯನ್ನು ನಾನು ಆರೋಗ್ಯದ ವಿಷಯವೆಂದೇ ಎಣಿಸುತ್ತೇನೆ.

ಯೂನಾನಿಯಲ್ಲಿ ವ್ಯಾಯಾಮದ ಸ್ಥಾನ

ಯೂನಾನಿ ವೈದ್ಯಪದ್ಧತಿಯಲ್ಲಿ ಮನುಷ್ಯನ ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ‘ಅಸ್ಬಾಬೆ ಸಿತ್ತಾ ಝರೂರಿಯಾ’ ಎನ್ನುತ್ತಾರೆ. ಶುದ್ಧ ಗಾಳಿ, ಆಹಾರ-ಪಾನೀಯ, ನಿದ್ರೆ-ಎಚ್ಚರಗಳ ಜೊತೆಗೆ ದೇಹದ ಚಲನೆ ಮತ್ತು ವಿಶ್ರಾಂತಿಯೂ ಅದರಲ್ಲಿ ಒಂದು. ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ ತಮ್ಮ ‘ಅಲ್ ಖಾನೂನ್ ಫಿತ್ತಿಬ್ಬ್’ ಗ್ರಂಥದಲ್ಲಿ ರಿಯಾಝತ್, ಅಂದರೆ ವ್ಯಾಯಾಮದ ಬಗ್ಗೆ ವಿವರವಾಗಿ ಬರೆದಿದ್ದಾರೆ. ಕುಸ್ತಿ, ಕುದುರೆ ಸವಾರಿ, ವೇಗದ ನಡಿಗೆಯ ಜೊತೆಗೆ ಚೆಂಡಿನ ಆಟಗಳನ್ನೂ, ಅಗಲವಾದ ಮರದ ಹಲಗೆಯಿಂದ ಚೆಂಡು ಹೊಡೆಯುವ ‘ತಬ್‌ತಾಬ್’ ಎಂಬ ಆಟವನ್ನೂ ಅವರು ಹೆಸರಿಸುತ್ತಾರೆ. ಅವರು ಒತ್ತಿ ಹೇಳುವ ಮಾತೆಂದರೆ, ವ್ಯಾಯಾಮ ಆಯಾ ವ್ಯಕ್ತಿಯ ಶಕ್ತಿಗೆ ತಕ್ಕಂತೆ ಇರಬೇಕು. ಬಲಿಷ್ಠನಿಗೆ ಹಿತವಾದದ್ದು ದುರ್ಬಲನಿಗೆ ಹಾನಿ ಮಾಡಬಹುದು. ರ‍್ಯಾಕೆಟ್ ವಿಷಯದಲ್ಲೂ ಇದೇ ಸೂತ್ರ.

ನೋವು ಎಲ್ಲಿಂದ ಬರುತ್ತದೆ?

ಮೊಣಕೈಯ ಹೊರಬದಿಯಲ್ಲಿ ಒಂದು ಮೂಳೆಯ ಉಬ್ಬು ಕೈಗೆ ಸಿಗುತ್ತದೆ. ಮಣಿಕಟ್ಟನ್ನು ಮೇಲೆತ್ತುವ ಸ್ನಾಯುಗಳು ಅಲ್ಲಿಗೆ ಬಂದು ಅಂಟಿಕೊಂಡಿವೆ. ನಾವು ಏನನ್ನಾದರೂ ಬಿಗಿಯಾಗಿ ಹಿಡಿದಾಗಲೆಲ್ಲ ಮಣಿಕಟ್ಟು ಅಲುಗದಂತೆ ನೋಡಿಕೊಳ್ಳುವುದು ಇವೇ ಸ್ನಾಯುಗಳು. ಭಾರದ ರ‍್ಯಾಕೆಟ್ಟನ್ನು ಗಟ್ಟಿಯಾಗಿ ಹಿಡಿದು ಮತ್ತೆ ಮತ್ತೆ ಬೀಸಿದಾಗ ಆ ಅಂಟಿನ ಜಾಗ ದಣಿಯುತ್ತದೆ, ಸವೆಯುತ್ತದೆ. ಇದನ್ನೇ ‘ಟೆನ್ನಿಸ್ ಎಲ್ಬೋ’ ಎನ್ನುತ್ತಾರೆ. ಟೆನ್ನಿಸ್ ಆಡದವರಿಗೂ ಇದು ಬರುತ್ತದೆ. ಬಟ್ಟೆ ಹಿಂಡುವಾಗ, ಚಹಾದ ಪಾತ್ರೆ ಎತ್ತುವಾಗ, ಬಾಗಿಲ ಹಿಡಿ ತಿರುಗಿಸುವಾಗ ಮೊಣಕೈಯ ಹೊರಬದಿ ಚುಚ್ಚಿದಂತಾದರೆ ಅದರ ಸೂಚನೆ ಎಂದು ತಿಳಿಯಬಹುದು. ಮನೆಕೆಲಸದಿಂದ ಈ ಸ್ನಾಯುಗಳು ಮೊದಲೇ ದಣಿದಿರುವ ಮಹಿಳೆಯರು ಹೆಚ್ಚು ಎಚ್ಚರ ವಹಿಸಬೇಕು.

ಅಂಗಡಿಯಲ್ಲಿ ನೋಡಬೇಕಾದ ಐದು ವಿಷಯಗಳು

1. ತೂಕ: ರ‍್ಯಾಕೆಟ್‌ನ ಹಿಡಿಯ ಬಳಿ 3ಯು, 4ಯು, 5ಯು ಎಂದು ಬರೆದಿರುತ್ತದೆ. 3ಯು ಅಂದರೆ 85ರಿಂದ 89 ಗ್ರಾಂ, 4ಯು 80ರಿಂದ 84, 5ಯು 75ರಿಂದ 79. ಅಂಕೆ ದೊಡ್ಡದಾದಷ್ಟೂ ತೂಕ ಕಡಿಮೆ. ವಾರಕ್ಕೆರಡು ದಿನ ಆಡುವವರಿಗೆ 4ಯು ಸಾಕು. ಮಹಿಳೆಯರಿಗೆ, ಐವತ್ತು ದಾಟಿದವರಿಗೆ, ಮೊದಲೇ ಭುಜ ಅಥವಾ ಮೊಣಕೈ ನೋವಿರುವವರಿಗೆ 5ಯು ಉತ್ತಮ. ಜೋಡಿಯಾಗಿ ಅಗ್ಗಕ್ಕೆ ಸಿಗುವ ಉಕ್ಕಿನ ರ‍್ಯಾಕೆಟ್‌ಗಳು ಇದಕ್ಕಿಂತ ಭಾರವಾಗಿರುತ್ತವೆ, ಹೊಡೆತದ ಅದುರನ್ನೂ ನೇರವಾಗಿ ಕೈಗೆ ಸಾಗಿಸುತ್ತವೆ. ರಜೆಯಲ್ಲಿ ನಾಲ್ಕು ದಿನ ಮಕ್ಕಳೊಂದಿಗೆ ಆಡುವುದಕ್ಕೆ ಅವು ಸರಿ. ನಿತ್ಯ ಆಡುವುದಾದರೆ ಕಡಿಮೆ ಬೆಲೆಯದ್ದಾದರೂ ಪೂರ್ತಿ ಗ್ರಾಫೈಟ್‌ನದ್ದೇ ಇರಲಿ.

2. ತೂಕ ಎಲ್ಲಿದೆ: ಎರಡು ರ‍್ಯಾಕೆಟ್‌ಗಳ ತೂಕ ಒಂದೇ ಆಗಿದ್ದರೂ ಒಂದರ ಭಾರ ತಲೆಯಲ್ಲಿ, ಇನ್ನೊಂದರದ್ದು ಹಿಡಿಯ ಕಡೆ ಇರಬಹುದು. ಹಿಡಿಯ ತುದಿಯಿಂದ ಸುಮಾರು 29 ಸೆಂಟಿಮೀಟರ್ ಅಳೆದು, ಅಲ್ಲಿ ಬೆರಳಿಟ್ಟು ರ‍್ಯಾಕೆಟ್ಟನ್ನು ಅಡ್ಡಲಾಗಿ ನಿಲ್ಲಿಸಿ ನೋಡಿ. ತಲೆ ಕೆಳಗೆ ವಾಲಿದರೆ ಅದು ತಲೆಭಾರದ್ದು, ಸಮನಾಗಿ ನಿಂತರೆ ಸಮತೂಕದ್ದು. ತಲೆಭಾರದ ರ‍್ಯಾಕೆಟ್ ಸ್ಮ್ಯಾಶ್‌ಗೆ ಬಲ ಕೊಡುತ್ತದೆ, ಆದರೆ ಭುಜ ಮತ್ತು ಮೊಣಕೈಯಿಂದ ಹೆಚ್ಚು ದುಡಿಮೆ ಕೇಳುತ್ತದೆ. ಹವ್ಯಾಸಕ್ಕೆ ಆಡುವವರು ಸಮತೂಕದ್ದನ್ನು ಅಥವಾ ಹಗುರ ತಲೆಯದ್ದನ್ನು ಕೊಳ್ಳಲಿ.

3. ಶಾಫ್ಟ್ ಬಾಗುವಿಕೆ: ಶಾಫ್ಟ್ ಅಂದರೆ ಹಿಡಿಗೂ ತಲೆಗೂ ನಡುವಿನ ತೆಳು ಕೋಲು. ಅದರ ಮೇಲೆ ಫ್ಲೆಕ್ಸಿಬಲ್, ಮೀಡಿಯಂ, ಸ್ಟಿಫ್ ಎಂದು ಬರೆದಿರುತ್ತದೆ. ಗಡುಸಾದ ಶಾಫ್ಟ್ ಪಳಗಿದ, ವೇಗವಾಗಿ ಬೀಸಬಲ್ಲ ಕೈಗೆ ಮಾತ್ರ ಫಲ ಕೊಡುತ್ತದೆ. ನಮ್ಮ ನಿಮ್ಮಂಥವರು ಅದರಲ್ಲಿ ಹೊಡೆದರೆ ಕಾಕ್ ಅರ್ಧ ಕೋರ್ಟಿಗೇ ಬೀಳುತ್ತದೆ. ಅದನ್ನು ದೂರ ಕಳಿಸಲು ಮೈಯೆಲ್ಲ ಬಲ ಹಾಕಿ ಹೊಡೆಯತೊಡಗುತ್ತೇವೆ, ನೋವು ಶುರುವಾಗುವುದೇ ಅಲ್ಲಿ. ಬಾಗುವ ಶಾಫ್ಟ್ ತಾನೇ ಚಿಮ್ಮಿ ನಮ್ಮ ಕೆಲಸವನ್ನು ಹಗುರ ಮಾಡುತ್ತದೆ.

4. ಗಟ್ಟಿಂಗ್ ಬಿಗಿತ: ಹೊಸಬರು ಹೆಚ್ಚಾಗಿ ಮೋಸ ಹೋಗುವುದು ಇಲ್ಲಿ. ಬಿಗಿಯಾದಷ್ಟೂ ಹೊಡೆತ ಜೋರು ಎಂಬ ನಂಬಿಕೆ ಇದೆ. ನಿಜ ಅದಕ್ಕೆ ವಿರುದ್ಧ. ಸಡಿಲ ಗಟ್ಟಿಂಗ್ ಕಾಕನ್ನು ಚಿಮ್ಮಿಸುತ್ತದೆ, ಬಿಗಿ ಗಟ್ಟಿಂಗ್ ಹಿಡಿತವನ್ನು ಕೊಡುತ್ತದೆ. ಆದರೆ ಆಗ ಬಲವನ್ನು ಆಟಗಾರನೇ ಒದಗಿಸಬೇಕು. ಕಾಕ್ ನಟ್ಟನಡುವೆ ತಾಗದಿದ್ದರೆ ಅದುರು ಮೊಣಕೈವರೆಗೂ ಏರುತ್ತದೆ. ದೊಡ್ಡ ಆಟಗಾರರು 28-30 ಪೌಂಡ್ ಬಿಗಿತದಲ್ಲಿ ಆಡುತ್ತಾರೆಂದು ನಾವೂ ಹಾಗೆ ಹಾಕಿಸುವುದು ಬೇಡ. 20ರಿಂದ 22 ಪೌಂಡ್ ಸಾಕು. ತೀರಾ ತೆಳು ತಂತಿಗಿಂತ 0.70 ಮಿಲಿಮೀಟರ್ ದಪ್ಪದ್ದು ಹೆಚ್ಚು ದಿನ ಬಾಳುತ್ತದೆ.

5. ಹಿಡಿಯ ದಪ್ಪ: ಹಿಡಿದಾಗ ಬೆರಳ ತುದಿಗೂ ಅಂಗೈಗೂ ನಡುವೆ ಒಂದು ಕಿರುಬೆರಳಷ್ಟು ಜಾಗ ಉಳಿಯಬೇಕು. ಹಿಡಿ ತೀರಾ ಸಣ್ಣದಾದರೆ ಜಾರದಂತೆ ಹಿಸುಕಿ ಹಿಡಿಯುತ್ತೇವೆ, ತೀರಾ ದಪ್ಪವಾದರೂ ಹಾಗೆಯೇ. ಯೋನೆಕ್ಸ್‌ನಂಥ ಕಂಪೆನಿಗಳಲ್ಲಿ ಜಿ4ಗಿಂತ ಜಿ5 ಸಣ್ಣ ಹಿಡಿ. ಸಣ್ಣದನ್ನು ಕೊಂಡು ಮೇಲೆ ಗ್ರಿಪ್ ಸುತ್ತಿ ದಪ್ಪ ಮಾಡಿಕೊಳ್ಳಬಹುದು, ದಪ್ಪದ್ದನ್ನು ಸಣ್ಣ ಮಾಡಲಾಗದು.

ಹಿಡಿಯುವ ಕ್ರಮವೂ ಮುಖ್ಯ. ರ‍್ಯಾಕೆಟ್ಟನ್ನು ಮುಸಾಫಹಾ ಮಾಡುವಂತೆ ಹಿಡಿಯಬೇಕು. ಮಸೀದಿಯಲ್ಲಿ ಹಿರಿಯರೊಬ್ಬರ ಕೈ ಹಿಡಿಯುವಾಗ ನಾವು ಹಿಸುಕುವುದಿಲ್ಲವಲ್ಲ, ಅಷ್ಟೇ ಮೃದುವಾಗಿರಲಿ. ಕಾಕ್ ತಾಗುವ ಕ್ಷಣದಲ್ಲಿ ಮಾತ್ರ ಬಿಗಿ ಮಾಡಿ, ಮತ್ತೆ ಸಡಿಲಿಸಬೇಕು.

ಬೆಲೆಯ ಬಗ್ಗೆ ಒಂದು ಮಾತು

ಅಂತಾರಾಷ್ಟ್ರೀಯ ಆಟಗಾರರು ಬಳಸುವ ಮಾದರಿಗಳ ಬೆಲೆ ಹತ್ತು ಸಾವಿರ ದಾಟುತ್ತದೆ. ಅವುಗಳಲ್ಲಿ ಹಲವು ತಲೆಭಾರದ, ಗಡುಸು ಶಾಫ್ಟಿನ ರ‍್ಯಾಕೆಟ್‌ಗಳು. ದಿನಕ್ಕೆ ಹಲವು ಗಂಟೆ ಅಭ್ಯಾಸ ಮಾಡುವ ದೇಹಕ್ಕೆಂದು ತಯಾರಾದವು. ವಿದೇಶದಿಂದ ಬಂದ ಸಂಬಂಧಿಕರು ಪ್ರೀತಿಯಿಂದ ಅಂಥದ್ದೊಂದನ್ನು ತಂದುಕೊಟ್ಟರೆ ಖುಷಿಯೇ, ಆದರೆ ಹೊಸಬರಿಗೆ ಅದು ಉಪಕಾರಕ್ಕಿಂತ ಅಪಕಾರ ಮಾಡುವುದೇ ಹೆಚ್ಚು. ದೊಡ್ಡ ಹೆಸರಿನ ನಕಲಿ ರ‍್ಯಾಕೆಟ್‌ಗಳೂ ಮಾರುಕಟ್ಟೆಯಲ್ಲಿವೆ, ನಂಬಿಕೆಯ ಅಂಗಡಿಯಲ್ಲೇ ಕೊಳ್ಳಿ. ಉಳಿದ ಹಣದಲ್ಲಿ ರಬ್ಬರ್ ತಳದ ಒಳ್ಳೆಯ ಶೂ ಕೊಂಡರೆ ಮೊಣಕಾಲು, ಹಿಮ್ಮಡಿ ಎರಡಕ್ಕೂ ಲಾಭ.

ಕಾಕ್ ಕೂಡ ಕೈಗೆ ಸಂಬಂಧಿಸಿದ್ದೇ. ಗಟ್ಟಿ ಪ್ಲಾಸ್ಟಿಕ್ ಬುಡದ ಅಗ್ಗದ ಕಾಕ್ ಕೈಯನ್ನು ಅದುರಿಸುತ್ತದೆ. ಕಾರ್ಕ್ ಬುಡದ ನೈಲಾನ್ ಕಾಕ್ ವಾಸಿ. ಇವು ಹಸಿರು, ನೀಲಿ, ಕೆಂಪು ಪಟ್ಟಿಯಲ್ಲಿ ಬರುತ್ತವೆ. ಹಸಿರು ನಿಧಾನಗತಿಯದು, ಸೆಕೆಯ ಊರುಗಳಿಗೆ ಅದೇ ಸರಿ.

ಮನೆಯಲ್ಲಿ ಯಾರಿಗೆ ಯಾವುದು?

ಅನೇಕ ಮನೆಗಳಲ್ಲಿ ಗಂಡನಿಗೆ ಹೊಸ ರ‍್ಯಾಕೆಟ್ ಬಂದಾಗ ಹಳೆಯ ಭಾರದ್ದು ಹೆಂಡತಿಗೆ, ಅದಕ್ಕೂ ಹಳೆಯದು ಮಕ್ಕಳಿಗೆ ಹೋಗುತ್ತದೆ. ಇದು ತಲೆಕೆಳಗಾದ ಕ್ರಮ. ಮನೆಯಲ್ಲಿ ಅತ್ಯಂತ ಹಗುರವಾದದ್ದು, ಸಣ್ಣ ಹಿಡಿಯದ್ದು ಮನೆಯೊಡತಿಗೆ ಸಲ್ಲಬೇಕು. ಚಿಕ್ಕ ಮಕ್ಕಳಿಗೆ 21ರಿಂದ 23 ಇಂಚಿನ ಗಿಡ್ಡ ರ‍್ಯಾಕೆಟ್ ಸಿಗುತ್ತದೆ, ಅದನ್ನೇ ಕೊಡಿಸಿ. ಪ್ರವಾದಿ(ಸ)ರು ಹಝ್ರತ್ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ನಡೆಸಿದ್ದು ನಮಗೆಲ್ಲ ತಿಳಿದಿದೆ. ಮಹಿಳೆಯರಿಗೆ ಮರ್ಯಾದೆಯ ಪರಿಸರದಲ್ಲಿ ಆಡಲು ಜಾಗ ಮತ್ತು ಸಮಯ ಮಾಡಿಕೊಡುವುದು ಕುಟುಂಬದ ಹೊಣೆ. ಒಳಾಂಗಣ ಕೋರ್ಟ್‌ಗಳಲ್ಲಿ ಅವರಿಗಾಗಿಯೇ ಒಂದು ಗಂಟೆ ಕಾದಿರಿಸಲು ನಾಲ್ಕು ಮನೆಯವರು ಸೇರಿದರೆ ಸಾಕು.

ಶುಚಿತ್ವ ಮತ್ತು ಎಚ್ಚರಿಕೆ

ಬೆವರು ಕುಡಿದ ಗ್ರಿಪ್ ಜಾರುತ್ತದೆ, ವಾಸನೆ ಬರುತ್ತದೆ, ರೋಗಾಣುಗಳಿಗೂ ನೆಲೆಯಾಗುತ್ತದೆ. ಆಟ ಮುಗಿದ ಮೇಲೆ ಒರೆಸಿ ಗಾಳಿಗೆ ಇಡಿ, ಒದ್ದೆಯಾಗಿಯೇ ಚೀಲಕ್ಕೆ ತುಂಬಬೇಡಿ. ಮೇಲಿನ ಗ್ರಿಪ್ಪನ್ನು ಆಗಾಗ ಬದಲಿಸಿ, ಅದು ದುಬಾರಿಯಲ್ಲ. ಬೆವರೊರೆಸುವ ಟವೆಲ್ ಪ್ರತಿಯೊಬ್ಬರಿಗೂ ಬೇರೆ ಬೇರೆ ಇರಲಿ. ಹುಳುಕಡ್ಡಿಯಂಥ ಚರ್ಮರೋಗ ಹರಡಲು ಹಂಚಿಕೊಂಡ ಟವೆಲ್ ಒಂದು ಸುಲಭ ದಾರಿ.

ಊಟವಾದ ತಕ್ಷಣ ಆಡಬೇಡಿ, ಕನಿಷ್ಠ ಎರಡು ಗಂಟೆ ಬಿಡಿ. ರಮಝಾನಿನ ರಾತ್ರಿಗಳಲ್ಲಿ ಆಡುವ ಯುವಕರಿಗೂ ಇದೇ ಮಾತು. ಇಬ್ನ್ ಸೀನಾ ವ್ಯಾಯಾಮದ ಮೊದಲು ಮತ್ತು ನಂತರ ‘ದಲ್ಕ್’, ಅಂದರೆ ಅಂಗಮರ್ದನ ಹೇಳಿದ್ದಾರೆ. ಆಟಕ್ಕೆ ಮುಂಚೆ ಐದು ನಿಮಿಷ ಭುಜ, ಮಣಿಕಟ್ಟು, ಮೀನಖಂಡಗಳನ್ನು ಉಜ್ಜಿ, ಆಡಿಸಿ ಬಿಸಿ ಮಾಡಿಕೊಳ್ಳಿ. ಆಡಿದ ಮೇಲೆ ರೋಗನೆ ಬಾಬೂನಾದಿಂದ ಮುಂಗೈಯನ್ನು ಹಗುರವಾಗಿ ನೀವಿಕೊಳ್ಳಬಹುದು. ಆದರೆ ಮೊಣಕೈ ನೋವು ಶುರುವಾಗಿದ್ದರೆ ಎಣ್ಣೆ ಹಚ್ಚಿಕೊಂಡು ಆಟ ಮುಂದುವರಿಸುವುದು ಸಲ್ಲದು. ಮೊದಲು ಆಟ ನಿಲ್ಲಿಸಿ, ಕೈಗೆ ವಿಶ್ರಾಂತಿ ಕೊಡಿ. ಎರಡು-ಮೂರು ವಾರಗಳಲ್ಲಿ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಜೇಬಿನಲ್ಲಿ ಸಕ್ಕರೆ ಅಥವಾ ಖರ್ಜೂರ ಇಟ್ಟುಕೊಂಡಿರಿ. ಕೈ ನಡುಕ, ತಣ್ಣನೆಯ ಬೆವರು ಕಂಡರೆ ತಕ್ಷಣ ತಿಂದು ಕೂತುಕೊಳ್ಳಿ. ಎದೆ ಬಿಗಿತ, ಎಡಗೈಗೆ ಅಥವಾ ದವಡೆಗೆ ಹರಡುವ ನೋವು, ತಲೆ ಸುತ್ತು ಬಂದರೆ ಗೇಮ್ ಮುಗಿಯಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ವರ್ಷಗಟ್ಟಲೆ ಕುಳಿತೇ ಇದ್ದವರು ಕೋರ್ಟಿಗೆ ಇಳಿಯುವ ಮೊದಲು ಒಮ್ಮೆ ರಕ್ತದೊತ್ತಡ, ಹೃದಯ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ದೇಹಕ್ಕೂ ನಮ್ಮ ಮೇಲೆ ಹಕ್ಕಿದೆ ಎಂದು ಪ್ರವಾದಿ(ಸ)ರು ಕಲಿಸಿದ್ದಾರೆ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರಕ್ಕೆ ಮೂರು ದಿನ ಐವತ್ತು ನಿಮಿಷ ಶಟ್ಲ್ ಆಡಿದರೆ ಆ ಲೆಕ್ಕ ತುಂಬುತ್ತದೆ. ಆದರೆ ಅದು ಒಂದು ತಿಂಗಳ ಉತ್ಸಾಹವಾಗದೆ ಹತ್ತಾರು ವರ್ಷ ನಡೆದರೆ ಮಾತ್ರ ಫಲ. ಅಂಗಡಿಯಲ್ಲಿ ಹತ್ತು ರ‍್ಯಾಕೆಟ್ ಮುಂದಿಟ್ಟಾಗ ನೆನಪಿಡಬೇಕಾದದ್ದು ಇಷ್ಟೇ: ಯಾವುದರಿಂದ ಹೆಚ್ಚು ಜೋರಾಗಿ ಹೊಡೆಯಬಹುದು ಎಂದು ನೋಡಬೇಡಿ, ಯಾವುದರಿಂದ ಮುಂದಿನ ವರ್ಷವೂ ಆಡುತ್ತಿರಬಹುದು ಎಂದು ನೋಡಿ.