ಕೊಳಚೆ ನೀರಿಗೂ ಗಾಳಿ ಬೇಕು

ನಮ್ಮ ಮಹಾಲಕ್ಷ್ಮಿ ಲೇಔಟಿನ ಬಚ್ಚಲು ನೀರು, ಕಕ್ಕಸು ನೀರು ಎಲ್ಲಿಗೆ ಹೋಗುತ್ತೆ? ಒಳಚರಂಡಿಯಲ್ಲಿ ವೃಷಭಾವತಿ ಕಣಿವೆಗೆ ಇಳಿಯುತ್ತೆ. ಅಲ್ಲಿ, ಮೈಸೂರು ರಸ್ತೆ ಕಡೆ, ಜಲಮಂಡಳಿಯವರು ಕೊಳಚೆ ನೀರು ಶುದ್ಧ ಮಾಡುವ ಘಟಕ ಇದೆ. ವೃಷಭಾವತಿ ಮುಂದೆ ಬಿಡದಿ ಹತ್ತಿರದ ಬೈರಮಂಗಲ ಕೆರೆ ಸೇರುತ್ತೆ. ಆ ನೀರಲ್ಲಿ ರೈತರು ಬೆಳೆ ಬೆಳೀತಾರೆ. ಅಲ್ಲಿಂದ ಅರ್ಕಾವತಿ, ಆಮೇಲೆ ಕಾವೇರಿ.

ಮೂತ್ರದಲ್ಲಿ ಸಾರಜನಕ ಇದೆ. ಯೂರಿಯಾ ಗೊಬ್ಬರದಲ್ಲಿ ಇರೋದೂ ಅದೇ. ಹೊಲಕ್ಕೆ ಹದವಾಗಿ ಹಾಕಿದರೆ ಪೈರು ಏಳುತ್ತೆ. ಕೆರೆಗೆ ಹೆಚ್ಚಾಗಿ ಬಿದ್ದರೆ ಪಾಚಿ ಏಳುತ್ತೆ, ಅಂತರಗಂಗೆ ಹಬ್ಬುತ್ತೆ. ಅವು ಕೊಳೆತಾಗ ನೀರಿನ ಆಮ್ಲಜನಕ ಮುಗಿದು ಮೀನು ಸಾಯುತ್ತವೆ. ಸಾರಜನಕ ನೈಟ್ರೇಟ್ ಆಗಿ ಬಾವಿಗೆ ಇಳಿದರೆ ಎಳೆಗೂಸುಗಳಿಗೆ ಅಪಾಯ.

ಇದನ್ನು ತೆಗೆಯೋರು ಯಾರು? ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಒಂದು ಜಾತಿಯವು ಗಾಳಿ ಇದ್ದಾಗ ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ. ಇನ್ನೊಂದು ಜಾತಿಯವು ಗಾಳಿ ಇಲ್ಲದಾಗ ನೈಟ್ರೇಟನ್ನು ಬರೀ ಸಾರಜನಕ ಮಾಡಿ ಆಕಾಶಕ್ಕೆ ಬಿಡುತ್ತವೆ. ನಾವು ಉಸಿರಾಡೋ ಗಾಳಿಯಲ್ಲಿ ನೂರಕ್ಕೆ 78 ಪಾಲು ಅದೇ. ತೊಂದರೆ ಏನಿಲ್ಲ.

ಆದರೆ ತೊಟ್ಟಿಗೆ ಗಾಳಿ ಊದೋಕೆ ಯಂತ್ರ ಬೇಕು. ಇಂಥ ಘಟಕಗಳ ಕರೆಂಟಿನಲ್ಲಿ ಸುಮಾರು ಅರ್ಧ ಇದಕ್ಕೇ ಹೋಗುತ್ತೆ. ಆ ಕರೆಂಟಿಗಾಗಿ ರಾಯಚೂರಿನ ಶಕ್ತಿನಗರದಂಥ ಕಡೆ ಕಲ್ಲಿದ್ದಲು ಉರೀಬೇಕು.

ಹಾಗಾದ್ರೆ ಗಾಳಿ ಕಡಿಮೆ ಊದಿದರಾಯ್ತು ಅಂತೀರಾ? ಸೌದೆ ಒಲೆ ನೆನೆಸಿಕೊಳ್ಳಿ. ಊದುಗೊಳವೆ ಬಿಟ್ಟರೆ ಒಲೆ ಹೊಗೆಯಾಡುತ್ತೆ. ಇಲ್ಲೂ ಹಾಗೇ. ಗಾಳಿ ಸಾಲದಿದ್ದರೆ ಕೆಲಸ ಅರ್ಧಕ್ಕೆ ನಿಂತು ನೈಟ್ರಸ್ ಆಕ್ಸೈಡ್ ಹೊರಡುತ್ತೆ. ಇದಕ್ಕೆ ನಗೆ ಅನಿಲ ಅಂತಲೂ ಹೆಸರು. ಹಲ್ಲಿನ ಡಾಕ್ಟರು ನೋವು ತಿಳೀದ ಹಾಗೆ ಕೊಡ್ತಾರಲ್ಲ, ಅದೇ. ಹೆಸರೇನೋ ನಗೆ, ಆದರೆ ಭೂಮಿ ಕಾಯಿಸೋದರಲ್ಲಿ ಒಂದು ಕಿಲೋ ಇಂಗಾಲದ ಡೈಆಕ್ಸೈಡಿಗಿಂತ ಒಂದು ಕಿಲೋ ಇದು ಸುಮಾರು 270 ಪಟ್ಟು ಜೋರು. ಕರೆಂಟಿನಲ್ಲಿ ಉಳಿಸಿದ್ದು ಹೀಗೆ ಕಳೆದುಹೋಗಬಹುದು.

ಅದಕ್ಕೇ ಅಳತೆ ಮುಖ್ಯ. ನೀರಿನಲ್ಲಿ ಅಮೋನಿಯಾ ಎಷ್ಟಿದೆ ಅಂತ ಹೇಳುವ ಉಪಕರಣಗಳಿವೆ. ಬೆಳಿಗ್ಗೆ ಎಲ್ಲರ ಮನೆಯಲ್ಲೂ ಸ್ನಾನ, ಕಕ್ಕಸು. ಆಗ ಹೆಚ್ಚು ಊದಬೇಕು. ನಡುರಾತ್ರಿ ಕಡಿಮೆ ಸಾಕು.

ಇನ್ನೊಂದು ದಾರಿ ಅನಾಮಾಕ್ಸ್. ಈ ಜಾತಿಯ ಸೂಕ್ಷ್ಮಜೀವಿಗಳು ಅಡ್ಡದಾರಿಯಲ್ಲಿ ಕೆಲಸ ಮುಗಿಸುತ್ತವೆ. ಊದುವ ಗಾಳಿ ಅರ್ಧಕ್ಕಿಂತ ಹೆಚ್ಚು ಉಳಿಯುತ್ತೆ. 2002ರಲ್ಲಿ ನೆದರ್ಲೆಂಡ್ಸ್ ದೇಶದ ರಾಟರ್‌ಡ್ಯಾಮ್ ಊರಿನಲ್ಲಿ ಇದರ ಮೊದಲ ದೊಡ್ಡ ತೊಟ್ಟಿ ಶುರುವಾಯ್ತು. ಆದರೆ ಇವು ಬೆಳೆಯೋದು ಬಹಳ ನಿಧಾನ, ಬೆಚ್ಚಗೆ ಇರಬೇಕು. ಘಟಕದ ಕೆಸರು ಹಿಂಡಿದಾಗ ಬರುವ ಗಾಢವಾದ ನೀರಿಗೆ ಚೆನ್ನಾಗಿ ಒಗ್ಗಿವೆ. ಮನೆಗಳಿಂದ ಬರುವ ತೆಳು ಕೊಳಚೆಗೆ ಅಷ್ಟು ಸುಲಭವಾಗಿ ಒಗ್ಗೋದಿಲ್ಲ.