ಹಗ್ಗ ಬಿಗಿದರೆ ಡೊಂಕು ಬೆನ್ನು ನೆಟ್ಟಗಾಗುತ್ತದೆಯೇ?

ಮಗಳ ಬೆನ್ನು ಡೊಂಕಾಗಿದೆ, ಸ್ಕೋಲಿಯೋಸಿಸ್ ಎಂದು ಡಾಕ್ಟರು ಹೇಳಿದ ಮೇಲೆ ಮನೆಯಲ್ಲಿ ಎರಡು ಮಾತು ಓಡಾಡತೊಡಗುತ್ತವೆ. ರಾಡು ಹಾಕಿ ಬೆನ್ನುಮೂಳೆ ಬೆಸೆದರೆ ಹುಡುಗಿ ಕೊರಡಾಗುತ್ತಾಳೆ ಎಂಬುದು ಒಂದು. ಈಗ ಹಗ್ಗದ ಆಪರೇಷನ್ ಬಂದಿದೆಯಂತೆ, ಬೆಸೆಯುವುದೇ ಬೇಡವಂತೆ ಎಂಬುದು ಇನ್ನೊಂದು.

‘ಹಗ್ಗದ ಆಪರೇಷನ್ ಯಾವ ವಯಸ್ಸಿಗಾದರೂ ಆಗುತ್ತದೆ.’ ಇಲ್ಲ. ವರ್ಟಿಬ್ರಲ್ ಬಾಡಿ ಟೆದರಿಂಗ್ ಎಂಬ ಈ ವಿಧಾನದಲ್ಲಿ ಎದೆಯ ಪಕ್ಕದಿಂದ ಸಣ್ಣ ರಂಧ್ರಗಳ ಮೂಲಕ ಒಳಹೊಕ್ಕು, ಡೊಂಕಿನ ಉಬ್ಬಿದ ಬದಿಯಲ್ಲಿ ಕಶೇರುಮಣಿಗಳಿಗೆ ಸ್ಕ್ರೂ ಕೂರಿಸುತ್ತಾರೆ. ಸ್ಕ್ರೂಗಳ ತಲೆಯಲ್ಲಿ ಪ್ಲಾಸ್ಟಿಕ್ ನೂಲಿನ ಹುರಿ ಹಾಯಿಸಿ ಬಿಗಿಯುತ್ತಾರೆ. ಡೊಂಕು ಒಂದಿಷ್ಟು ಅಲ್ಲೇ ಇಳಿಯುತ್ತದೆ. ಮಿಕ್ಕಿದ್ದನ್ನು ಮಗುವಿನ ಬೆಳವಣಿಗೆಯೇ ಮಾಡಬೇಕು: ಒತ್ತಡ ಬಿದ್ದ ಬದಿ ಮೂಳೆ ನಿಧಾನ ಬೆಳೆಯುತ್ತದೆ, ಒತ್ತಡ ಕಡಿಮೆಯಾದ ಬದಿ ಬೇಗ. ಬೆಳವಣಿಗೆ ನಿಂತವರಲ್ಲಿ ಈ ಕೆಲಸ ನಡೆಯುವುದಿಲ್ಲ. ಬೆನ್ನಿನ ತೊಂದರೆಗೆ ಡಾಕ್ಟರು ಎಡಗೈಯ ಎಕ್ಸ್‌ರೇ ಕೇಳುವುದು ಅದಕ್ಕೇ. ಬೆರಳ ಮೂಳೆಗಳ ತುದಿ ಇನ್ನೂ ಬೆಸೆದುಕೊಂಡಿಲ್ಲವೇ ಎಂದು ನೋಡುತ್ತಾರೆ. ತೀರಾ ಚಿಕ್ಕವರಿಗೆ ಹಾಕಿದರೆ ಬೆನ್ನು ಎದುರು ದಿಕ್ಕಿಗೆ ಬಾಗುವುದೂ ಉಂಟು.

‘ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ, ಅಂದಮೇಲೆ ಸಾಬೀತಾಗಿದೆ.’ ಒಪ್ಪಿಗೆ 2019ರ ಆಗಸ್ಟ್‌ನಲ್ಲಿ ಸಿಕ್ಕಿದ್ದು ನಿಜ. ಆದರೆ ಅದು ಕೆಲವೇ ರೋಗಿಗಳಿಗೆ ಬೇಕಾಗುವ ಸಾಧನಗಳಿಗೆ ಕೊಡುವ ವಿನಾಯಿತಿ. ಅಪಾಯಕ್ಕಿಂತ ಸಂಭವನೀಯ ಲಾಭ ಹೆಚ್ಚೆಂದು ತೋರಿಸಿದರೆ ಸಾಕು, ಪರಿಣಾಮದ ಪೂರ್ಣ ಪುರಾವೆ ಬೇಕಿಲ್ಲ. ಅದೂ 30ರಿಂದ 65 ಡಿಗ್ರಿ ಡೊಂಕಿರುವ, ಡೊಂಕು ಹೆಚ್ಚದಂತೆ ಮೈಗೆ ತೊಡಿಸುವ ಬೆಲ್ಟ್ ಫಲಿಸದ ಅಥವಾ ಅದನ್ನು ತಾಳಲಾಗದ, ಮೂಳೆ ಬಲಿಯದ ಮಕ್ಕಳಿಗೆ ಮಾತ್ರ.

‘ಒಮ್ಮೆ ಹಾಕಿದರೆ ಮುಗಿಯಿತು.’ ಹುರಿ ತುಂಡಾಗುವುದು ಅಪರೂಪವೇನಲ್ಲ. ಎಷ್ಟೋ ಸಲ ಮಗುವಿಗೆ ಗೊತ್ತೇ ಆಗದು, ಎಕ್ಸ್‌ರೇಯಲ್ಲಿ ಕಾಣುತ್ತದೆ. ಕೆಲವರಿಗೆ ಮತ್ತೊಂದು ಆಪರೇಷನ್ ಬೇಕಾಗುತ್ತದೆ, ಕೆಲವರಿಗೆ ಕೊನೆಗೆ ಬೆಸುಗೆಯೇ ಗತಿ. ಬೆನ್ನು ಬಾಗುವ ಗುಣ ಉಳಿಯಬಹುದೆಂಬ ಆಸೆಗೆ ತೆರುವ ಬೆಲೆ ಇದು. ಜಾಹೀರಾತಿನಲ್ಲಿ ಆಸೆ ಮಾತ್ರ ದಪ್ಪಕ್ಷರದಲ್ಲಿರುತ್ತದೆ.

‘ಬೆಸೆದರೆ ಬಗ್ಗಲಾಗದು, ಮುಂದೆ ಮಕ್ಕಳಾಗುವುದೂ ಕಷ್ಟ.’ ಎದೆಮಟ್ಟದ ಬೆನ್ನುಮೂಳೆ ಪಕ್ಕೆಲುಬುಗಳ ಜೊತೆ ಸೇರಿಕೊಂಡಿರುವುದರಿಂದ ಮೊದಲೇ ಹೆಚ್ಚು ಬಾಗುವುದಿಲ್ಲ. ನಾವು ಬಗ್ಗುವುದು ಬಹುಪಾಲು ಸೊಂಟದಿಂದ. ಹಾಗಾಗಿ ಬೆಸುಗೆ ಎಷ್ಟು ಕೆಳಗಿನವರೆಗೆ ಇಳಿಯುತ್ತದೆ ಎಂಬುದೇ ಡಾಕ್ಟರನ್ನು ಕೇಳಬೇಕಾದ ಪ್ರಶ್ನೆ. ಸೊಂಟದೊಳಗೆ ಇಳಿದಷ್ಟೂ ನಷ್ಟ ಹೆಚ್ಚು. ಇನ್ನು ಮಕ್ಕಳ ಮಾತು. ಬ್ರಿಟನ್ನಿನ ರಾಜಕುಮಾರಿ ಯೂಜೆನಿಗೆ 2002ರಲ್ಲಿ, 12ರ ವಯಸ್ಸಿನಲ್ಲಿ, ಬೆನ್ನಿಗೆ ಟೈಟಾನಿಯಂ ರಾಡು ಹಾಕಿದ್ದರು. 2018ರಲ್ಲಿ ಆಕೆ ಆ ಗಾಯದ ಗುರುತು ಕಾಣುವಂಥ ಉಡುಪನ್ನೇ ಹೊಲಿಸಿಕೊಂಡು ಮದುವೆಯಾದರು. ಈಗ ಇಬ್ಬರು ಗಂಡುಮಕ್ಕಳ ತಾಯಿ.

‘ಬೆಲ್ಟ್ ಹಾಕಿ ಏನೂ ಪ್ರಯೋಜನವಿಲ್ಲ.’ ಹಗ್ಗವೋ ರಾಡೋ ಎಂಬ ಚರ್ಚೆಯಲ್ಲಿ ಮೂಲೆಗೆ ಬೀಳುವುದು ಇದೇ. ಆಪರೇಷನ್ ಮಾತು ಬರುವುದು ಸಾಮಾನ್ಯವಾಗಿ 45–50 ಡಿಗ್ರಿಯ ಆಸುಪಾಸಿನಲ್ಲಿ. ಅಲ್ಲಿಗೆ ಮುಟ್ಟದಂತೆ ತಡೆಯುವುದು ಬೆಲ್ಟಿನ ಕೆಲಸ. 2013ರಲ್ಲಿ ಪ್ರಕಟವಾದ ಅಮೆರಿಕ-ಕೆನಡಾ ಅಧ್ಯಯನದಲ್ಲಿ ಬೆಲ್ಟ್ ಹಾಕಿದವರಲ್ಲಿ ಶೇ. 72ರಷ್ಟು ಮಕ್ಕಳ ಡೊಂಕು 50 ಡಿಗ್ರಿ ಮುಟ್ಟಲಿಲ್ಲ; ಸುಮ್ಮನೆ ಕಾದು ನೋಡಿದವರಲ್ಲಿ ಶೇ. 48. ದಿನಕ್ಕೆ ಸುಮಾರು 13 ಗಂಟೆಗೂ ಹೆಚ್ಚು ಹೊತ್ತು ತೊಟ್ಟವರಲ್ಲಿ ಈ ಪ್ರಮಾಣ ಶೇ. 90 ದಾಟಿತ್ತು.